ಕೋಟೆಗೊಂದು ಮೊನೆ, ಬಾಗಿಲಿಗೊಂದು ಮೊನೆ

ಪ್ರಶ್ನೆ: ನಾನು ಚಿತ್ರದುರ್ಗದವನು. ಅಪ್ಪನದ್ದು ಮರಗೆಲಸ. ವಾರವೆಲ್ಲ ಅವರ ಜೊತೆ ಬಾಗಿಲು, ಕಿಟಕಿ, ಕಪಾಟಿನ ಕೆಲಸ. ಭಾನುವಾರ ಕೋಟೆ ಹತ್ತಿ ಸ್ಕೆಚ್ ಮಾಡುತ್ತೇನೆ. ಎರಡಕ್ಕೂ ಒಂದೇ ಎಚ್‌ಬಿ ಪೆನ್ಸಿಲ್ ಬಳಸುತ್ತಿದ್ದೇನೆ. ಸ್ಕೆಚ್ ಪೇಲವವಾಗಿ ಕಾಣುತ್ತದೆ. ಮರದ ಮೇಲೆ ಗೆರೆ ದಪ್ಪ ಬರುತ್ತದೆ. ಮೆಂಡರ್‌ಗೆ ಹಾಕಿದರೆ ಮೊನೆ ಪದೇ ಪದೇ ಮುರಿಯುತ್ತದೆ. ಯಾವ ಪೆನ್ಸಿಲ್ ಕೊಳ್ಳಲಿ, ಹೇಗೆ ಚೂಪು ಮಾಡಲಿ? ಇನ್ನೊಂದು ವಿಷಯ. ಈಚೆಗೆ ಮಾಡಿದ ಒಂದು ಬಾಗಿಲಲ್ಲಿ ಪಾಲಿಶ್ ಕೆಳಗೆ ಪೆನ್ಸಿಲ್ ಗೆರೆ ಕಾಣುತ್ತಿದೆ. ಅದನ್ನು ತೆಗೆಯಬಹುದಾ?

ಉತ್ತರ: ಮೊದಲು ಎರಡು ಕೆಲಸದ ಪೆನ್ಸಿಲ್‌ಗಳನ್ನು ಬೇರೆ ಮಾಡಿ. ಒಂದೇ ಪೆನ್ಸಿಲ್‌ನಲ್ಲಿ ಎರಡೂ ನಡೆಯುತ್ತದೆ, ಆದರೆ ಎರಡೂ ಅರೆಬರೆ ಆಗುತ್ತದೆ. ಪೆನ್ಸಿಲ್ ಕೊಳ್ಳುವಾಗ ಎಲ್ಲರೂ ಅದರ ಮೇಲಿನ ಅಕ್ಷರ ನೋಡುತ್ತಾರೆ, ಎಚ್‌ಬಿಯೋ 2ಬಿಯೋ ಅಂತ. ಮೊನೆ ಯಾವ ಆಕಾರದಲ್ಲಿ ಇರಬೇಕು ಅಂತ ಯೋಚಿಸುವವರು ಕಡಿಮೆ. ನನ್ನ ಅನುಭವದಲ್ಲಿ ಗೆರೆಯ ಹಣೆಬರಹ ಬರೆಯುವುದು ಮೊನೆಯೇ. ಚೆನ್ನಾಗಿ ಹೆರೆದ ಸಾಧಾರಣ ಪೆನ್ಸಿಲ್ ಮುಂದೆ ಮೊಂಡಾದ ದುಬಾರಿ ಪೆನ್ಸಿಲ್ ನಿಲ್ಲುವುದಿಲ್ಲ. ಆದರೂ ಅಕ್ಷರದಿಂದಲೇ ಶುರು ಮಾಡೋಣ. ಅದು ಬೇಗ ಮುಗಿಯುವ ಮಾತು.

ಪೆನ್ಸಿಲ್ ಒಳಗಿನ ಕಡ್ಡಿ ಅಂದರೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು. ಎರಡನ್ನೂ ನೀರು ಹಾಕಿ ಕಲಸಿ, ಶಾವಿಗೆಯ ಹಾಗೆ ಒತ್ತಿ, ಒಣಗಿಸಿ, ಸುಮಾರು 1000 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಆಮೇಲೆ ಮೇಣ ಕುಡಿಸುತ್ತಾರೆ. ಈ ವಿಧಾನಕ್ಕೆ 1795ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ. ಆಗ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ. ಒಳ್ಳೆಯ ಗ್ರಾಫೈಟ್ ಗಟ್ಟಿ ಸಿಗುತ್ತಿದ್ದದ್ದು ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ. ಅದು ಬರುವುದು ನಿಂತಾಗ, ಕೈಯಲ್ಲಿದ್ದ ಪುಡಿಗೆ ಮಣ್ಣು ಸೇರಿಸಿ ಕಾಂಟೆ ಕಡ್ಡಿ ಮಾಡಿದ. ಆ ಬೆರಕೆಯೇ ಇವತ್ತಿನ ಎಚ್, ಬಿ ಲೆಕ್ಕಕ್ಕೆ ತಳಪಾಯ. ಮಣ್ಣು ಜಾಸ್ತಿ ಇದ್ದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಅದು ಎಚ್. ಗ್ರಾಫೈಟ್ ಜಾಸ್ತಿ ಇದ್ದರೆ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಅದು ಬಿ. ಮುಂದಿನ ಅಂಕಿ ಏರಿದಷ್ಟೂ ಆ ಗುಣ ಏರುತ್ತದೆ. ಒಂದು ಮಾತು ನೆನಪಿರಲಿ, ಈ ಅಳತೆ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಒಬ್ಬರ 2ಬಿ ಇನ್ನೊಬ್ಬರ ಬಿಯಷ್ಟೇ ಕಪ್ಪು ಇರಬಹುದು. ಹಾಗಾಗಿ ಸ್ಕೆಚ್‌ಗೆ ಒಂದೇ ಕಂಪನಿಯ ಪೆನ್ಸಿಲ್‌ಗಳನ್ನು ಇಟ್ಟುಕೊಳ್ಳಿ. ಮೆಟ್ಟಿಲು ಸರಿಯಾಗಿ ಕೂರುತ್ತದೆ.

ನಿಮ್ಮ ಸ್ಕೆಚ್ ಪೇಲವವಾಗಿ ಕಾಣುವುದಕ್ಕೆ ಕಾರಣ ಸರಳ. ಎಚ್‌ಬಿ ಎಷ್ಟು ಒತ್ತಿದರೂ ಒಂದು ಹಂತಕ್ಕಿಂತ ಕಪ್ಪಾಗುವುದಿಲ್ಲ. ಒತ್ತಿದರೆ ಕಾಗದದಲ್ಲಿ ಗುಳಿ ಬೀಳುತ್ತದೆ, ಗೆರೆ ಮಿರುಗುತ್ತದೆ, ಅಷ್ಟೇ. ಚಿತ್ರದುರ್ಗದ ಬಂಡೆ ಬರೆಯುವವರಿಗೆ ಕಪ್ಪು ಬೇಕೇ ಬೇಕು. ಬಿಸಿಲು ಬಿದ್ದ ಬಂಡೆಯ ಬೆನ್ನು ಹೆಚ್ಚುಕಡಿಮೆ ಕಾಗದದಷ್ಟೇ ಬೆಳ್ಳಗೆ. ಅದರ ಪಕ್ಕದಲ್ಲೇ ಎರಡು ಗುಂಡುಗಳ ನಡುವಿನ ಸಂದು, ಒಳಗೆ ಏನೂ ಕಾಣದಷ್ಟು ಕಪ್ಪು. ಒನಕೆ ಓಬವ್ವನ ಕಿಂಡಿಯ ಮುಂದೆ ಕೂತು ಬರೆದು ನೋಡಿ. ಆ ಕಿಂಡಿಯ ಒಳಗಿನ ಕತ್ತಲು ಎಚ್‌ಬಿಯಲ್ಲಿ ಬರುವುದೇ ಇಲ್ಲ.

ಹಾಗಂತ ಹನ್ನೆರಡು ಪೆನ್ಸಿಲ್‌ನ ಡಬ್ಬಿ ಬೇಡ. ಎಚ್, ಎಚ್‌ಬಿ, 2ಬಿ, 6ಬಿ, ಈ ನಾಲ್ಕು ಸಾಕು. ಅಪ್ಸರಾ, ಕ್ಯಾಮ್ಲಿನ್, ಡೋಮ್ಸ್ ಯಾವುದರ ಡ್ರಾಯಿಂಗ್ ಪೆನ್ಸಿಲ್ ಆದರೂ ಕಲಿಕೆಗೆ ಧಾರಾಳ ಆಯಿತು. ಕೈ ಕುದುರಿದ ಮೇಲೆ ಸ್ಟೆಡ್ಲರ್ ಮಾರ್ಸ್ ಲುಮೋಗ್ರಾಫ್ ಅಥವಾ ಫೇಬರ್ ಕ್ಯಾಸೆಲ್ 9000 ತೊಗೊಳ್ಳಬಹುದು. ಕಡ್ಡಿಯಲ್ಲಿ ಹರಳು ಸಿಗುವುದಿಲ್ಲ, ಮೆಟ್ಟಿಲುಗಳ ನಡುವಿನ ಅಂತರ ಸಮವಾಗಿರುತ್ತದೆ.

ಎಚ್ ಮೊದಲ ಕರಡಿಗೆ. ಉಯ್ಯಾಲೆ ಕಂಬ, ದೀಪಸ್ತಂಭ, ದೇವಸ್ಥಾನದ ಮೆಟ್ಟಿಲು ಇವೆಲ್ಲ ನೆಟ್ಟಗಿನ ಗೆರೆ ಕೇಳುತ್ತವೆ. ಆದರೆ ಹಗುರವಾಗಿ ಎಳೆಯಿರಿ. ಎಚ್ ಒತ್ತಿ ಎಳೆದರೆ ಕಾಗದದಲ್ಲಿ ಗೀರು ಉಳಿದು, ಮೇಲೆ 2ಬಿ ಉಜ್ಜಿದಾಗ ಬಿಳಿ ಗೆರೆಯಾಗಿ ಎದ್ದು ಬರುತ್ತದೆ. ಎಚ್‌ಬಿ ಮತ್ತು 2ಬಿಯಲ್ಲಿ ಮುಕ್ಕಾಲು ಚಿತ್ರ ಮುಗಿಯಬೇಕು. 6ಬಿಯನ್ನು ಸಂದುಗಳಿಗೆ, ಬಾಗಿಲ ಒಳಗಿನ ನೆರಳಿಗೆ ಮಾತ್ರ ಮೀಸಲಿಡಿ. 6ಬಿಯನ್ನು ಪದರದ ಮೇಲೆ ಪದರ ಹಾಕಿದರೆ ಬೆಳಕಿಗೆ ಹೊಳೆಯುತ್ತದೆ, ಕಪ್ಪು ಹೋಗಿ ಬೂದಿ ಕಾಣುತ್ತದೆ. ಅಷ್ಟು ಕಡುಗಪ್ಪು ಬೇಕಿದ್ದರೆ ಒಂದು ಚಾರ್ಕೋಲ್ ಪೆನ್ಸಿಲ್ ಇಟ್ಟುಕೊಳ್ಳಿ. ಅದು ಹೊಳೆಯುವುದಿಲ್ಲ. ಆದರೆ ಗ್ರಾಫೈಟ್ ಬಳಿದ ಜಾಗದ ಮೇಲೆ ಚಾರ್ಕೋಲ್ ಸರಿಯಾಗಿ ಹಿಡಿಯುವುದಿಲ್ಲ. ಎಲ್ಲಿ ಚಾರ್ಕೋಲ್ ಅಂತ ಮೊದಲೇ ತೀರ್ಮಾನ ಮಾಡಿ, ಆ ಜಾಗ ಖಾಲಿ ಬಿಡಿ.

ಕೋಟೆ ಮೇಲೆ ಗಾಳಿ ಜೋರು. ಸುತ್ತಲಿನ ಗುಡ್ಡದ ಮೇಲಿನ ಗಾಳಿ ಗಿರಣಿಗಳನ್ನು ನೋಡಿದರೆ ಗೊತ್ತಾಗುತ್ತದೆ ಅಲ್ವಾ. ಹಾಳೆಗೆ ಎರಡು ಕಡೆ ಕ್ಲಿಪ್ ಹಾಕಿ. ಬೇಸಿಗೆಯಲ್ಲಿ ಅಂಗೈ ಬೆವರು 2ಬಿಯನ್ನು ಒರೆಸಿಬಿಡುತ್ತದೆ. ಕೈ ಕೆಳಗೆ ಒಂದು ತುಂಡು ಕಾಗದ ಇರಲಿ. ಹೊತ್ತೇರಿ ಬಿಸಿಲು ನೆತ್ತಿಗೆ ಬಂದ ಮೇಲೆ ಬಂಡೆಗಳಲ್ಲಿ ನೆರಳೇ ಉಳಿಯುವುದಿಲ್ಲ, ಎಲ್ಲ ಚಪ್ಪಟೆ ಕಾಣುತ್ತದೆ. ಬೆಳಗ್ಗೆ ಬೇಗ ಹತ್ತಿ, ಇಲ್ಲಾಂದ್ರೆ ಸಂಜೆ ಬಿಸಿಲಲ್ಲಿ ಬರೆಯಿರಿ.

ಇನ್ನು ಮರ. ಇಲ್ಲಿ ಪೆನ್ಸಿಲ್ ಕೆಲಸವೇ ಬೇರೆ. ಸ್ಕೆಚ್‌ನಲ್ಲಿ ಗೆರೆಯೇ ಕೊನೆ, ನೋಡುವವರು ಅದನ್ನೇ ನೋಡುತ್ತಾರೆ. ಮರದಲ್ಲಿ ಗೆರೆ ಗರಗಸಕ್ಕೆ ಹೇಳುವ ಮಾತು. ಕೆಲಸ ಮುಗಿದ ಮೇಲೆ ಅದು ಇರಬಾರದು. ಹಾಗಾಗಿ ಗೆರೆ ಕಾಣಬೇಕು, ತೆಳ್ಳಗಿರಬೇಕು, ಮೂಲೆಮಟ್ಟಕ್ಕೆ (ನೇರ ಮೂಲೆ ಅಳೆಯುವ ಪಟ್ಟಿ) ಅಂಟಿಕೊಂಡು ಬರಬೇಕು, ಆಮೇಲೆ ಅಳಿಸಬೇಕು.

ಯಾವ ಮರಕ್ಕೆ ಯಾವ ಪೆನ್ಸಿಲ್ ಅಂತ ಕೇಳಿದರೆ ಮರದ ಗಟ್ಟಿತನ ಮತ್ತು ಬಣ್ಣ ನೋಡಿ ಅಂತೀನಿ. ಮತ್ತಿ, ಜಾಲಿ, ಹೊನ್ನೆಯಂಥ ಗಟ್ಟಿ ಮರಕ್ಕೆ ಎಚ್ ಅಥವಾ 2ಎಚ್. ಮೊನೆ ಬೇಗ ಸವೆಯುವುದಿಲ್ಲ. ಸಾಗುವಾನಿಗೂ ಎಚ್ ಸರಿ. ಸಿಲ್ವರ್ ಓಕ್, ಪೈನ್‌ನಂಥ ಮೆತ್ತನೆ ಮರಕ್ಕೆ ಎಚ್‌ಬಿ. ಅಲ್ಲಿ 2ಎಚ್ ಬಳಸಿದರೆ ಗೆರೆ ಮರದೊಳಗೆ ಇಳಿದು ಗುಳಿಯಾಗುತ್ತದೆ. ಆ ಗುಳಿ ರಬ್ಬರ್‌ಗೆ ಹೋಗುವುದಿಲ್ಲ. 4ಬಿ, 6ಬಿಯನ್ನು ಯಾವ ಮರಕ್ಕೂ ತರಬೇಡಿ. ಆ ಪುಡಿ ಸಾಗುವಾನಿಯ ರಂಧ್ರಗಳಿಗೆ ಇಳಿದು ಕೂರುತ್ತದೆ. ಬೀಟೆಯಂಥ ಕಪ್ಪು ಮರದಲ್ಲಿ ಗ್ರಾಫೈಟ್ ಗೆರೆ ಕಾಣುವುದಿಲ್ಲ, ಬಿಳಿ ಪೆನ್ಸಿಲ್ ಬೇಕು. ಸನ್‌ಮೈಕಾ ಮೇಲೆ ಪೆನ್ಸಿಲ್ ಜಾರುತ್ತದೆ. ಗೆರೆ ಬೀಳಬೇಕಾದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಎಳೆಯಿರಿ. ಬಾಲ್‌ಪೆನ್ ಮಾತ್ರ ಮರದ ಹತ್ತಿರ ಬರಲೇಬಾರದು. ಅದರ ಶಾಯಿ ಪಾಲಿಶ್‌ನ ತಿನ್ನರ್‌ಗೆ ಕರಗಿ ಹರಡುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿ ಪೆನ್ಸಿಲ್ ಅಂತ ಚಪ್ಪಟೆಯಾದದ್ದು ಸಿಗುತ್ತದೆ. ಚಪ್ಪಟೆ ಯಾಕೆ ಅಂದರೆ ಅದು ಉರುಳಿ ಕೆಳಗೆ ಬೀಳುವುದಿಲ್ಲ. ಒಳಗಿನ ಕಡ್ಡಿಯೂ ಚಪ್ಪಟೆ ಮತ್ತು ದಪ್ಪ, ಒರಟು ಮರದ ಮೇಲೆ ಮುರಿಯುವುದಿಲ್ಲ. ತೊಲೆ, ಜಂತೆ, ಹಲಗೆ ಕುಯ್ಯುವಾಗ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎರಡು ಮರ ಕೂಡಿಸಲು ಕಚ್ಚು ಹಾಕುವ ಕೆಲಸಕ್ಕೆ ಅದು ದಪ್ಪವಾಯಿತು. ಅಲ್ಲಿ 2 ಮಿಲಿಮೀಟರ್ ಕಡ್ಡಿಯ, ಹಿಂದೆ ಒತ್ತಿದರೆ ಕಡ್ಡಿ ಮುಂದೆ ಬರುವ ಕ್ಲಚ್ ಪೆನ್ಸಿಲ್‌ಗೆ ಎಚ್ ಅಥವಾ 2ಎಚ್ ಹಾಕಿಕೊಂಡರೆ ಚೆನ್ನ. 0.5ರ ಮೈಕ್ರೋ ಟಿಪ್ ಪೆನ್ಸಿಲ್ ಪ್ಲೈವುಡ್‌ಗೆ ಪರವಾಗಿಲ್ಲ, ಆದರೆ ಸಾಗುವಾನಿಯ ಎಳೆಗೆ ಅಡ್ಡ ಎಳೆದರೆ ಪಟಕ್ ಅಂತ ಮುರಿಯುತ್ತದೆ. 0.7 ಅಥವಾ 0.9 ತೊಗೊಳ್ಳಿ.

ಈಗ ನಿಮ್ಮ ದಪ್ಪ ಗೆರೆಯ ವಿಷಯ. ಇದನ್ನು ಹತ್ತಿರದಿಂದ ನೋಡಬೇಕು. ಮೆಂಡರ್‌ನಲ್ಲಿ ಮಾಡಿದ ಮೊನೆ ದುಂಡಗಿನ ಶಂಕು. ಹಲಗೆ ಮೇಲೆ ನಾಲ್ಕೈದು ಗೆರೆ ಎಳೆಯುವಷ್ಟರಲ್ಲಿ ಅದರ ತುದಿ ಉರುಟಾಗುತ್ತದೆ. ತುದಿ 1 ಮಿಲಿಮೀಟರ್ ಅಗಲ ಆಯಿತು ಅಂದುಕೊಳ್ಳಿ. ಅದನ್ನು ಮೂಲೆಮಟ್ಟದ ಅಂಚಿಗೆ ಒತ್ತಿ ಎಳೆದರೆ ಗೆರೆಯ ನಡುಭಾಗ ಅಂಚಿನಿಂದ ಅರ್ಧ ಮಿಲಿಮೀಟರ್ ಆಚೆ ಇರುತ್ತದೆ. ಪೆನ್ಸಿಲ್ ಸ್ವಲ್ಪ ವಾಲಿದರೆ ಇನ್ನೂ ಆಚೆ. ಒಂದು ಬಾಗಿಲ ಚೌಕಟ್ಟಿಗೆ ನಾಲ್ಕು ಮೂಲೆ. ಪ್ರತಿ ಮೂಲೆಯಲ್ಲೂ ಅರ್ಧ ಅರ್ಧ ಮಿಲಿಮೀಟರ್ ಒಂದೇ ಕಡೆಗೆ ಸೇರಿದರೆ ಚೌಕಟ್ಟು ಮೂಲೆ ತಪ್ಪುತ್ತದೆ. ಆಮೇಲೆ ಗರಗಸ ಸರಿ ಇಲ್ಲ, ಮರ ಸೊಟ್ಟ ಅಂತ ಬೈಯುತ್ತಾ ಕೂರುತ್ತೇವೆ.

ಇದಕ್ಕೆ ಮದ್ದು ಉಳಿ ಮೊನೆ. ಉಳಿಯ ಬಾಯಿಯ ಹಾಗೆ ಮೊನೆಯನ್ನು ಚಪ್ಪಟೆ ಮಾಡುವುದು. ಮೊದಲು ಕಡ್ಡಿ ಆರೇಳು ಮಿಲಿಮೀಟರ್ ಹೊರಗೆ ಕಾಣುವ ಹಾಗೆ ಮರವನ್ನು ಹೆರೆಯಿರಿ. ಆಮೇಲೆ 220 ನಂಬರಿನ ಸ್ಯಾಂಡ್‌ಪೇಪರನ್ನು ಒಂದು ಪಟ್ಟಿಗೆ ಅಂಟಿಸಿ, ಕಡ್ಡಿಯನ್ನು ಅದರ ಮೇಲೆ ಮಲಗಿಸಿ ಉಜ್ಜಿ, ತಿರುಗಿಸಬೇಡಿ. ಒಂದು ಮುಖ ಚಪ್ಪಟೆಯಾದ ಮೇಲೆ ಎದುರು ಮುಖವನ್ನು ಉಜ್ಜಿ. ಕೊನೆಗೆ ಸಿಗುವುದು ಬ್ಲೇಡಿನಂಥ ಅಂಚು. ಚಪ್ಪಟೆ ಮುಖವನ್ನು ಮೂಲೆಮಟ್ಟಕ್ಕೆ ಒರಗಿಸಿ ಎಳೆದು ನೋಡಿ. ಕಡ್ಡಿ ಅಂಚಿಗೆ ಪೂರ್ತಿ ಮೈಯೊಡ್ಡಿಕೊಂಡೇ ಸಾಗುತ್ತದೆ. ಗೆರೆ ತೆಳ್ಳಗೆ ಬರುತ್ತದೆ, ದುಂಡು ಮೊನೆಗಿಂತ ತುಂಬಾ ಹೊತ್ತು ತೆಳ್ಳಗೇ ಇರುತ್ತದೆ, ಯಾಕಂದ್ರೆ ಸವೆಯುವುದು ಒಂದು ಚುಕ್ಕೆಯಲ್ಲ, ಇಡೀ ಅಂಚು. ಸ್ಯಾಂಡ್‌ಪೇಪರ್ ಪಟ್ಟಿಯನ್ನು ಕೆಲಸದ ಮೇಜಿನ ಬದಿಗೇ ಮೊಳೆ ಹೊಡೆದು ಇಟ್ಟುಕೊಳ್ಳಿ. ಕೈಗೆ ಸಿಕ್ಕರೆ ಮಾತ್ರ ಮನುಷ್ಯ ಉಜ್ಜುತ್ತಾನೆ.

ಕಚ್ಚಿನ ಕೆಲಸಕ್ಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಪೆನ್ಸಿಲ್‌ನಲ್ಲಿ ಹಗುರವಾಗಿ ಗುರುತು ಮಾಡಿ, ಕೊನೆಯ ಗೆರೆಯನ್ನು ಮಾರ್ಕಿಂಗ್ ಚಾಕುವಿನಲ್ಲಿ ಕೊಯ್ಯಿರಿ. ಚಾಕುವಿನ ಗೀರು ಕಣ್ಣಿಗೆ ಕಾಣುವುದು ಕಷ್ಟ. ಅದಕ್ಕೆ ಉಳಿ ಮೊನೆಯನ್ನು ಆ ಗೀರಿನೊಳಗೆ ಒಮ್ಮೆ ಓಡಿಸಿ. ಗೀರಿನ ಎರಡೂ ದಡದಲ್ಲಿ ಕೂದಲೆಳೆಯಷ್ಟು ಕಪ್ಪು ಹಿಡಿಯುತ್ತದೆ. ಗರಗಸ ಹಾಕುವಾಗ ಬೇಡದ ಕಡೆಯ ದಡದ ಕಪ್ಪು ಹೋಗಬೇಕು, ಬೇಕಾದ ಕಡೆಯದ್ದು ಉಳಿಯಬೇಕು. ಕೊಯ್ದು ಮುಗಿಸಿದ ಮೇಲೆ ಆ ಒಂದು ಕಪ್ಪು ಎಳೆ ಮರದ ಮೇಲೆ ಕಂಡರೆ ಕಚ್ಚು ಬಿಗಿಯಾಗಿ ಕೂತಿತು ಅಂತಲೇ ಲೆಕ್ಕ. ಬೇಡದ ಕಡೆಗೆ ಮೊದಲೇ ಅಡ್ಡಡ್ಡ ಗೀಚಿ ಗುರುತು ಮಾಡಿಕೊಳ್ಳಿ. ದಿನವಿಡೀ ಕೊಯ್ಯುವಾಗ ಕಡೆ ತಪ್ಪುವುದು ಸುಲಭ.

ಸ್ಕೆಚ್ ಪೆನ್ಸಿಲ್‌ಗೆ ಬೇಕಾದ ಮೊನೆ ಇದಕ್ಕೆ ಪೂರ್ತಿ ಉಲ್ಟಾ, ಉದ್ದ ಮತ್ತು ದುಂಡಗೆ. ಕಡ್ಡಿ ಸುಮಾರು 1 ಸೆಂಟಿಮೀಟರ್ ಹೊರಗಿರಬೇಕು, ಅದರ ಹಿಂದೆ ಮರ ಎರಡು ಸೆಂಟಿಮೀಟರ್‌ನಷ್ಟು ಇಳಿಜಾರಾಗಿರಬೇಕು. ತುದಿಯಿಂದ ಬರೆದರೆ ಕೂದಲೆಳೆಯ ಗೆರೆ. ಪೆನ್ಸಿಲ್ ಮಲಗಿಸಿ ಕಡ್ಡಿಯ ಮಗ್ಗುಲಿಂದ ಉಜ್ಜಿದರೆ ಅಗಲವಾದ ನೆರಳು. ಕೋಟೆಯ ಬಂಡೆಗೆ ಈ ಮಗ್ಗುಲ ಉಜ್ಜುವಿಕೆ ಹೇಳಿ ಮಾಡಿಸಿದ ಹಾಗಿದೆ. ಕಾಗದದ ತರಿಗೆ ಮಾತ್ರ ಗ್ರಾಫೈಟ್ ಹತ್ತಿ, ಕಲ್ಲಿನ ಒರಟು ತಾನಾಗಿ ಬರುತ್ತದೆ. ಮೆಂಡರ್‌ನ ಗಿಡ್ಡ ಮೊನೆಯಲ್ಲಿ ಇದು ಆಗುವುದಿಲ್ಲ, ಮಗ್ಗುಲು ಇಟ್ಟರೆ ಮರವೇ ಕಾಗದಕ್ಕೆ ತಾಗುತ್ತದೆ.

ಉದ್ದ ಮೊನೆಗೆ ಚಾಕು ಅಥವಾ ಕಟರ್ ಬ್ಲೇಡ್ ಬೇಕು. ಬಲಗೈಯವರು ಹೀಗೆ ಮಾಡಿ. ಎಡಗೈಯಲ್ಲಿ ಪೆನ್ಸಿಲ್, ಮೊನೆ ನಿಮ್ಮಿಂದ ಆಚೆಗೆ. ಬಲಗೈಯಲ್ಲಿ ಬ್ಲೇಡ್, ಹೆಚ್ಚುಕಡಿಮೆ ಮಲಗಿಸಿದ ಹಾಗೆ. ಬಲಗೈಯನ್ನು ತಳ್ಳಬೇಡಿ, ಅದು ಬ್ಲೇಡನ್ನು ಸುಮ್ನೆ ಹಿಡಿದಿರಬೇಕು. ಎಡಗೈ ಹೆಬ್ಬೆರಳನ್ನು ಬ್ಲೇಡಿನ ಬೆನ್ನಿಗೆ ಇಟ್ಟು, ಆ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಬ್ಲೇಡ್ ಒಂದೂವರೆ ಸೆಂಟಿಮೀಟರ್ ಸರಿದು ನಿಲ್ಲುತ್ತದೆ, ಆಚೆ ಜಾರುವುದಿಲ್ಲ. ಪೆನ್ಸಿಲನ್ನು ಸ್ವಲ್ಪ ತಿರುಗಿಸಿ, ಮತ್ತೆ ಒಂದು ಸಿಪ್ಪೆ. ಆರು ಮೂಲೆಯ ಪೆನ್ಸಿಲ್ ಆದರೆ ಮೊದಲು ಆರು ಮೂಲೆಗಳನ್ನು ಇಳಿಸಿ, ಆಮೇಲೆ ನಡುವಿನ ಏಣುಗಳನ್ನು. ಸಿಪ್ಪೆ ಕಾಗದದಷ್ಟು ತೆಳ್ಳಗೆ ಬರಬೇಕು. ದಪ್ಪ ಬಂದರೆ ಬ್ಲೇಡ್ ಜಾಸ್ತಿ ನೆಟ್ಟಗಿದೆ ಅಂತ ಅರ್ಥ, ಇನ್ನೂ ಮಲಗಿಸಿ.

ಮರ ಇಳಿದು ಕಡ್ಡಿ ಕಾಣತೊಡಗಿದ ಮೇಲೆ ಒತ್ತಡ ಅರ್ಧಕ್ಕೆ ಇಳಿಸಿ. ಚಾಕು ಕಡ್ಡಿಯನ್ನು ಕತ್ತರಿಸಬಾರದು. ಸುತ್ತಲಿನ ಮರ ತೆಗೆದು ಕಡ್ಡಿಯನ್ನು ಹಾಗೇ ಬಿಡಿ, ಅದನ್ನು ಸ್ಯಾಂಡ್‌ಪೇಪರ್ ನೋಡಿಕೊಳ್ಳುತ್ತದೆ. ಪೆನ್ಸಿಲ್ ಮಲಗಿಸಿ, ಬೆರಳಲ್ಲಿ ಉರುಳಿಸುತ್ತಾ ಉಜ್ಜಿದರೆ ಉದ್ದನೆ ಮೊನೆ ಆಗುತ್ತದೆ. ಕೊನೆಗೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಅಂಟಿದ ಪುಡಿ ಚಿತ್ರದ ಮೇಲೆ ಉದುರುತ್ತದೆ. 6ಬಿಗೆ ಇಷ್ಟು ಉದ್ದ ಮೊನೆ ಬೇಡ, ಅರ್ಧ ಸೆಂಟಿಮೀಟರ್ ಸಾಕು.

ನಿಮ್ಮ ಮನೆಯಲ್ಲೇ ಚೆನ್ನಾಗಿ ಸಾಣೆ ಹಿಡಿದ ಅಗಲ ಉಳಿ ಇರುತ್ತದೆ. ಪೆನ್ಸಿಲ್ ಹೆರೆಯಲು ಅದರಷ್ಟು ಒಳ್ಳೆಯ ಆಯುಧ ಇಲ್ಲ. ಆದರೆ ಅಪ್ಪನ ಉಳಿ ಕೇಳಿ ತೊಗೊಳ್ಳಿ. ಕಡ್ಡಿಯಲ್ಲಿರುವ ಸುಟ್ಟ ಮಣ್ಣು ಉಳಿಯ ಹದವನ್ನು ಬೇಗ ತಿನ್ನುತ್ತದೆ.

ನಮ್ಮ ದೇಶದ ಪೆನ್ಸಿಲ್‌ಗಳಿಗೆ ಹೆಚ್ಚಾಗಿ ಕಾಶ್ಮೀರದ ಪಾಪ್ಲರ್ ಮರ ಹೋಗುತ್ತದೆ. ಪುಲ್ವಾಮಾ ಜಿಲ್ಲೆಯ ಔಖೂ ಅನ್ನುವ ಊರಿಗೆ ಪೆನ್ಸಿಲ್ ಹಳ್ಳಿ ಅಂತಲೇ ಹೆಸರು. ಪಾಪ್ಲರ್ ಮೆತ್ತನೆ ಮರ, ಮೊಂಡು ಬ್ಲೇಡ್ ಹಾಕಿದರೆ ಕೊಯ್ಯುವ ಬದಲು ನಾರು ನಾರಾಗಿ ಏಳುತ್ತದೆ. ನಿಮ್ಮ ಮೊನೆ ಮುರಿಯುವುದಕ್ಕೆ ಮೊದಲ ಅನುಮಾನ ನನಗೆ ಇಲ್ಲೇ. ಮೆಂಡರ್‌ನ ಬ್ಲೇಡ್ ಮೊಂಡಾಗಿದ್ದರೆ ಮರವನ್ನು ಕೊಯ್ಯದೆ ಎಳೆಯುತ್ತದೆ, ಆ ತಿರುಚಿಗೆ ಕಡ್ಡಿ ಮುರಿಯುತ್ತದೆ. ಸಿಪ್ಪೆ ನೋಡಿ. ಒಂದೇ ರಿಬ್ಬನ್ ಆಗಿ ಸುರುಳಿ ಬಂದರೆ ಬ್ಲೇಡ್ ಚೆನ್ನಾಗಿದೆ. ಪುಡಿ ಪುಡಿ ಬಂದರೆ ಆ ಮೆಂಡರ್ ಬಿಸಾಕಿ, ಅಥವಾ ಬ್ಲೇಡ್ ಬದಲಿಸಿ.

ಹೊಸ ಮೆಂಡರ್‌ನಲ್ಲೂ ಮುರಿದರೆ ಪೆನ್ಸಿಲ್‌ನ ಹಿಂಬದಿ ನೋಡಿ. ಕಡ್ಡಿ ನಟ್ಟನಡುವೆ ಇದೆಯಾ? ಒಂದು ಕಡೆಗೆ ಸರಿದಿದ್ದರೆ ಮೆಂಡರ್ ಒಂದು ಮಗ್ಗುಲನ್ನೇ ತಿನ್ನುತ್ತದೆ, ಇನ್ನೊಂದು ಮಗ್ಗುಲಲ್ಲಿ ಮರ ತುದಿಯವರೆಗೂ ಉಳಿಯುತ್ತದೆ. ಅಂಥದ್ದನ್ನು ಚಾಕುವಿಗೇ ಕೊಡಿ. ಕಡ್ಡಿ ನಡುವೆಯೇ ಇದ್ದೂ ಮುರಿಯುತ್ತಿದ್ದರೆ ಪೆನ್ಸಿಲ್ ಎಲ್ಲೋ ಬಿದ್ದಿದೆ. ಸಿಮೆಂಟ್ ನೆಲಕ್ಕೆ ಒಮ್ಮೆ ಬಿದ್ದರೂ ಒಳಗೆ ಕಡ್ಡಿ ಎರಡು ಮೂರು ಕಡೆ ಬಿರುಕು ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೆಲಸದ ಜಾಗದಲ್ಲಿ ಪೆನ್ಸಿಲ್ ಬೀಳದ ದಿನ ಇರುತ್ತದಾ? ಅದಕ್ಕೇ ಸ್ಕೆಚ್ ಪೆನ್ಸಿಲ್‌ಗಳನ್ನು ಅಲ್ಲಿಗೆ ಒಯ್ಯಬೇಡಿ. ಬಟ್ಟೆ ಸುರುಳಿಯಲ್ಲಿ ಸುತ್ತಿ ಮನೆಯಲ್ಲಿಡಿ.

ಕೊನೆಗೆ ಪಾಲಿಶ್ ಕೆಳಗಿನ ಗೆರೆ. ಮೊದಲು ಬಾಗಿಲಿಗೆ ಮಗ್ಗುಲಿಂದ ಟಾರ್ಚ್ ಬಿಟ್ಟು ನೋಡಿ. ಗೆರೆಯಲ್ಲಿ ನೆರಳು ಬಿದ್ದರೆ ಅದು ಗುಳಿ, ಬರಿಯ ಗ್ರಾಫೈಟ್ ಅಲ್ಲ. ಮುಂದಿನದ್ದು ಯಾವ ಪಾಲಿಶ್ ಅನ್ನುವುದರ ಮೇಲೆ ನಿಂತಿದೆ. ಅರಗಿನ ಸ್ಪಿರಿಟ್ ಪಾಲಿಶ್ ಆದರೆ ಕೆಲಸ ಹಗುರ. ಬಟ್ಟೆಗೆ ಸ್ಪಿರಿಟ್ ಹಾಕಿ ಆ ಹಲಗೆಯನ್ನು ಒರೆಸಿದರೆ ಪಾಲಿಶ್ ಕರಗಿ ಬರುತ್ತದೆ. ಹತ್ತಿರ ಬೆಂಕಿ ಇರಬಾರದು, ಬಾಗಿಲು ಕಿಟಕಿ ತೆರೆದಿರಲಿ. ಒಣಗಿದ ಮೇಲೆ ಗೆರೆಯನ್ನು ಬಿಳಿ ರಬ್ಬರ್‌ನಲ್ಲಿ ಅಳಿಸಿ, ಉಳಿದದ್ದನ್ನು 220ರಲ್ಲಿ ಎಳೆಯ ದಿಕ್ಕಿಗೆ ಉಜ್ಜಿ, ಮತ್ತೆ ಪಾಲಿಶ್ ಕೊಡಿ. ಗುಳಿಯಾಗಿದ್ದರೆ ಬರಿ ಮರ ಕಂಡ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒಂದು ಕ್ಷಣ ಒತ್ತಿ. ಆವಿಗೆ ಮರದ ನಾರು ಉಬ್ಬಿ ಗುಳಿ ಬಹುಪಾಲು ತುಂಬಿಕೊಳ್ಳುತ್ತದೆ.

ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್ ಆಗಿದ್ದರೆ ಸ್ಪಿರಿಟ್‌ಗೆ ಬಗ್ಗುವುದಿಲ್ಲ. ಆ ಪದರವನ್ನು ಉಜ್ಜಿ ಬರಿ ಮರಕ್ಕೇ ಬರಬೇಕು. ಗೆರೆ ಇರುವಷ್ಟೇ ಜಾಗ ಉಜ್ಜಿದರೆ ತೇಪೆ ಕಾಣುತ್ತದೆ. ಒಂದು ಕೀಲಿನಿಂದ ಇನ್ನೊಂದು ಕೀಲಿನವರೆಗೆ ಇಡೀ ಪಟ್ಟಿಯನ್ನು ಉಜ್ಜಿ, ಇಡೀ ಪಟ್ಟಿಗೆ ಹೊಸದಾಗಿ ಹೊಡೆಯಬೇಕು. ವಿನೀರ್ ಹಚ್ಚಿದ ಬಾಗಿಲಾಗಿದ್ದರೆ ಕೈ ಹಾಕಬೇಡಿ. ಆ ಮರದ ಪದರವೇ ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ, ಗೆರೆ ಹೋಗುವಷ್ಟರಲ್ಲಿ ಕೆಳಗಿನ ಪ್ಲೈ ಕಂಡುಬಿಡುತ್ತದೆ. ಗಿರಾಕಿಗೆ ಗೆರೆ ತೋರಿಸಿ, ಇದ್ದ ವಿಷಯ ಹೇಳಿ. ಮುಂದಿನ ಬಾಗಿಲಿಗೆ ಸೀಲರ್ (ಪಾಲಿಶ್‌ಗೆ ಮುಂಚಿನ ಅಸ್ತರು) ಹೊಡೆಯುವ ಮೊದಲು ತಿನ್ನರ್ ಬಟ್ಟೆಯಲ್ಲಿ ಒಮ್ಮೆ ಇಡೀ ಮೈ ಒರೆಸಿ. ಮರ ಒದ್ದೆಯಾದ ಆ ಅರ್ಧ ನಿಮಿಷ ಪಾಲಿಶ್ ಹೊಡೆದಂತೆಯೇ ಕಾಣುತ್ತದೆ, ಅಡಗಿದ ಗೆರೆಗಳೆಲ್ಲ ಎದ್ದು ಬರುತ್ತವೆ. ಆಗಲೇ ಗುರುತು ಹಾಕಿಕೊಂಡು ಅಳಿಸಿಬಿಡಿ.